ಪ್ರಾಥಮಿಕ ತರಗತಿಗಳಲ್ಲಿ ಹವೆಯ ಪಾಠ: ಒಂದು ವಿಮರ್ಶೆ

ಪಾಠಪುಸ್ತಕವನ್ನು ವಿಮರ್ಶೆಗೆ ತಕ್ಕ ವಸ್ತುವೆಂದು ನಮ್ಮ ವಿದ್ವಾಂಸರು ಸಾಮಾನ್ಯವಾಗಿ ಎಣಿಸುವುದಿಲ್ಲ. ಕಾವ್ಯ ನಾಟಕಗಳಿಗೆ ಸಲ್ಲುವ ಪರಾಮರ್ಶೆ ಎರಡನೆಯ ತರಗತಿಯ ಮಳೆಗಾಲದ ಪಾಠಕ್ಕೇಕೆ ಎಂದು ಕೇಳುವವರುಂಟು. ಆದರೆ ಗಡಿನಾಡಿನ ಎಷ್ಟೋ ಮಕ್ಕಳ ಕೈಗೆ ಬರುವ ಮೊದಲ ಕನ್ನಡ ಗದ್ಯ ಅದೇ. ಕೆಲವರಿಗೆ ಕೊನೆಯದೂ ಅದೇ. ಆದುದರಿಂದ ಅದರ ಗುಣದೋಷಗಳನ್ನು ತೂಗಿ ನೋಡುವುದು ಉಪಾಧ್ಯಾಯರ ಕರ್ತವ್ಯವೇ ಸರಿ.

ಇಂಥ ಪಾಠಗಳ ರಚನೆ ಹೆಚ್ಚುಕಡಮೆ ಒಂದೇ. ಜೂನ್ ಬಂದಿತು, ಕರಿಮೋಡ ಕವಿಯಿತು, ಗುಡುಗು ಮೊಳಗಿತು, ಮಕ್ಕಳು ಕಾಗದದ ದೋಣಿ ಬಿಟ್ಟರು. ಕಾಸರಗೋಡಿನ ಶಾಲೆಯಲ್ಲಿ ಇದು ನಿಜ. ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ ಜೂನ್ 1. ಆದರೆ ಸೊಲ್ಲಾಪುರ, ಜತ್ತ, ರಾಯದುರ್ಗಗಳ ಕಡೆ ಮಳೆ ಬಲವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ನೀಲಗಿರಿಯ ಮೂಡಣ ಇಳಿಜಾರಿನ ಕೋಟಗಿರಿ, ಕುನೂರುಗಳಿಗೆ ಅಕ್ಟೋಬರ್-ನವೆಂಬರುಗಳ ಹಿಂಗಾರೇ ದೊಡ್ಡ ಮಳೆ. ಒಂದೇ ಪಾಠ ಇವೆಲ್ಲಕ್ಕೂ ಹೇಗೆ ಹೊಂದೀತು?

ಇದು ಕೇವಲ ಭೂಗೋಳದ ತಪ್ಪಲ್ಲ. ಬಯಲುಸೀಮೆಯ ಒಂದು ಶಾಲೆಯಲ್ಲಿ ಜೂನ್ ತಿಂಗಳ ಒಂದು ದಿನ, “ಈಗ ಹೊರಗೆ ಹವೆ ಹೇಗಿದೆ?” ಎಂದು ನಾನು ಮಕ್ಕಳನ್ನು ಕೇಳಿದೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಇಡೀ ತರಗತಿ ಒಕ್ಕೊರಲಿನಿಂದ, “ಮಳೆ ಸುರಿಯುತ್ತಿದೆ ಸಾರ್” ಎಂದಿತು. ಒಬ್ಬ ಹುಡುಗ ಮಾತ್ರ ಕಿಟಕಿಯ ಕಡೆ ತಿರುಗಿ ನೋಡಿ, ಬಳಿಕ ಎಲ್ಲರಂತೆಯೇ ಹೇಳಿದ. ಅವನ ಆ ಹಿಂಜರಿಕೆಯನ್ನು ನಾನು ಮರೆತಿಲ್ಲ. ಕಣ್ಣು ಕಂಡುದನ್ನು ಬಿಟ್ಟು ಪುಸ್ತಕ ಹೇಳಿದುದನ್ನು ಒಪ್ಪಿಸುವುದೇ ವಿದ್ಯೆಯೆಂದು ಅವನಿಗೆ ಕಲಿಸಿದವರು ನಾವೇ ಅಲ್ಲವೆ?

ಇದಕ್ಕೆ ಪ್ರತಿಯಾಗಿ ಪಂಜೆ ಮಂಗೇಶರಾಯರ (1874–1937) ‘ತೆಂಕಣ ಗಾಳಿಯಾಟ’ವನ್ನು ನೋಡಬಹುದು. ಶಾಲಾ ಇನ್‌ಸ್ಪೆಕ್ಟರರಾಗಿಯೂ ದುಡಿದ ಪಂಜೆಯವರು ಮಗುವಿನ ಕಣ್ಣು ಕಿವಿಗಳನ್ನು ಬಲ್ಲವರು. ಅವರು ಗಾಳಿಯ ಲಕ್ಷಣವನ್ನು ವಿವರಿಸಹೋಗುವುದಿಲ್ಲ. ಗಾಳಿ ದೂರದಿಂದ ಬರುತ್ತಿರುವುದು ಮೊದಲು ತಿಳಿಯುತ್ತದೆ. ಅನಂತರ ಅದು ಮಾಡಿದ ಕೆಲಸಗಳಲ್ಲಿ ಅದನ್ನು ಕಾಣುತ್ತೇವೆ. ಕಣ್ಣಿಗೆ ಬೀಳದ ವಸ್ತುವನ್ನು ಅದರ ಕಾರ್ಯದಿಂದ ಅರಿಯುವ ಈ ಕ್ರಮ ಕಾವ್ಯಕ್ಕೂ ವಿಜ್ಞಾನಕ್ಕೂ ಸಮಾನ. ಇನ್ನೊಂದು ಮಾತು: ತೆಂಕಣ ಗಾಳಿಯೆಂದರೆ ತೆಂಕಿನಿಂದ ಬರುವ ಗಾಳಿ, ತೆಂಕಿಗೆ ಹೋಗುವುದಲ್ಲ. ಗಾಳಿಗೆ ಅದು ಬಂದ ದಿಕ್ಕಿನ ಹೆಸರಿಡುವ ಹವಾಶಾಸ್ತ್ರದ ನಿಯಮ ಪದ್ಯದ ಹೆಸರಿನಲ್ಲಿಯೇ ಅಡಗಿದೆ.

ಪದ್ಯ ಓದಿದ ದಿನವೇ ಮಕ್ಕಳಿಂದ ಗಾಳಿಸೂಚಿ ಮಾಡಿಸಬೇಕು. ಒಂದು ಕಡ್ಡಿ, ರಟ್ಟಿನ ಬಾಣ, ಒಂದು ಗುಂಡುಸೂಜಿ ಸಾಕು. ಬಾಣದ ಬಾಲ ತಲೆಗಿಂತ ಅಗಲವಾಗಿರಬೇಕು. ಅಗಲವಾದ ಬಾಲವನ್ನು ಗಾಳಿ ಹಿಂದಕ್ಕೆ ತಳ್ಳುವುದರಿಂದಲೇ ತಲೆ ಗಾಳಿ ಬರುವ ಕಡೆಗೆ ತಿರುಗುತ್ತದೆ. ಈ ಕಾರಣವನ್ನು ಹೇಳದೆ ಚಿತ್ರವನ್ನಷ್ಟೆ ಅಚ್ಚಿಸಿದ ಪಾಠದಿಂದ, ಬಾಣ ತೋರಿಸುವುದು ಗಾಳಿ ಹೋಗುವ ದಿಕ್ಕನ್ನು ಎಂದು ಮಗು ತಿಳಿದರೆ ಆಶ್ಚರ್ಯವಿಲ್ಲ.

ಮಳೆಮಾಪಕದ ವಿಷಯವೂ ಹೀಗೆಯೇ. ಕುತ್ತಿಗೆ ಕಿರಿದಾದ ಸೀಸೆಯನ್ನು ಅಂಗಳದಲ್ಲಿಟ್ಟು ಅಳೆದರೆ ಬರುವ ಲೆಕ್ಕ ಸುಳ್ಳು. ಬಾಯಿಂದ ತಳದವರೆಗೆ ಒಂದೇ ಅಗಲದ ಡಬ್ಬಿ ಬೇಕು. ಆಗ ಡಬ್ಬಿ ದೊಡ್ಡದಿರಲಿ ಚಿಕ್ಕದಿರಲಿ, ನಿಂತ ನೀರಿನ ಆಳವೇ ಮಳೆಯ ಅಳತೆ. ಮರ ಗೋಡೆಗಳಿಂದ ಅವುಗಳ ಎತ್ತರದ ಎರಡರಷ್ಟು ದೂರದಲ್ಲಿಟ್ಟು, ದಿನವೂ ಒಂದೇ ಹೊತ್ತಿಗೆ ಅಡಿಪಟ್ಟಿಯಿಂದ ಅಳೆಯಬೇಕು. ಹವಾಮಾನ ಇಲಾಖೆ ಮಳೆಯ ದಿನವೆಂದು ಎಣಿಸುವುದು 2.5 ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು. ಒಂದು ಚದರ ಮೀಟರಿನ ಮೇಲೆ ಬಿದ್ದ 1 ಮಿಲಿಮೀಟರು ಮಳೆ ಒಂದು ಲೀಟರು ನೀರೆಂದು ತಿಳಿದರೆ, ಶಾಲೆಯ ಮಾಡಿನ ಮೇಲೆ ಎಷ್ಟು ಕೊಡ ನೀರು ಸುರಿಯಿತೆಂದು ಮೇಲಿನ ತರಗತಿಯವರು ತಾವೇ ಲೆಕ್ಕ ಹಾಕಿಯಾರು. ಡಬ್ಬಿಯಲ್ಲಿ ನೀರಿಲ್ಲದ ದಿನ ‘ಸೊನ್ನೆ’ ಎಂದು ಬರೆಯಿಸುವುದನ್ನು ಮಾತ್ರ ಮರೆಯಬಾರದು. ಮಳೆ ಬಾರದುದೂ ಒಂದು ಸಂಗತಿಯೇ.

ಗಾಜಿನ ಲೋಟದಲ್ಲಿ ಬಿಸಿನೀರು ಹಾಕಿ, ಮೇಲೆ ಮಂಜುಗಡ್ಡೆಯ ತಟ್ಟೆಯಿಟ್ಟು ‘ಮೋಡ’ ತೋರಿಸುವ ಪ್ರಯೋಗ ಅಂದವಾದುದು. ಆದರೆ ಆಕಾಶದಲ್ಲಿ ಮಂಜುಗಡ್ಡೆಯ ತಟ್ಟೆಯೊಂದಿದೆಯೆಂದು ಮಗು ನಂಬುವ ಅಪಾಯವುಂಟು. ಮೇಲೇರಿದ ಗಾಳಿ ಹಿಗ್ಗಿ ತಣಿಯುತ್ತದೆಂಬ ಮಾತನ್ನು ಜತೆಗೆ ಹೇಳಬೇಕು. ಅದಕ್ಕಿಂತ ಮೊದಲು ಎರಡು ಸ್ಲೇಟುಗಳನ್ನು ಒದ್ದೆಮಾಡಿ ಒಂದನ್ನು ಬಿಸಿಲಿಗೆ, ಇನ್ನೊಂದನ್ನು ನೆರಳಿಗೆ ಇಡುವುದು ಲೇಸು, ಖರ್ಚೇನೂ ಇಲ್ಲ.

ಕೊನೆಯದಾಗಿ ಮಳೆನಕ್ಷತ್ರಗಳ ಮಾತು. ಮೃಗಶಿರ, ಆರಿದ್ರೆಗಳ ಲೆಕ್ಕವನ್ನು ಮೂಢನಂಬಿಕೆಯೆಂದು ತಳ್ಳುವವರೂ, ಶಾಸ್ತ್ರವೆಂದು ಹೊರುವವರೂ ಅದನ್ನು ಪರೀಕ್ಷಿಸುವುದಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವುದು ಹದಿಮೂರು ಹದಿನಾಲ್ಕು ದಿನ. ಮೃಗಶಿರ ಹುಟ್ಟುವುದು ಜೂನ್ 8ರ ಸುಮಾರಿಗೆ, ಆರಿದ್ರೆ 22ರ ಸುಮಾರಿಗೆ. ಅದು ರೈತನ ಪಂಚಾಂಗ; ಮಳೆ ಬಂದೇ ಬರುತ್ತದೆಂಬ ಭರವಸೆಯಲ್ಲ. ಗೋಡೆಯ ಪಟದಲ್ಲಿ ಒಂದು ಕಡೆ ನಕ್ಷತ್ರದ ಹೆಸರು, ಇನ್ನೊಂದು ಕಡೆ ಡಬ್ಬಿಯ ಅಳತೆ ಬರೆಯಿಸೋಣ. ಹೆಸರು ಕೇಳಿ ಬರಲು ಮಗು ಅಜ್ಜಿಯ ಬಳಿಗೆ ಹೋಗಲಿ. ಸೊಲ್ಲಾಪುರದ ಅಜ್ಜಿ ‘ಮಿರಗ’ ಎಂದಾಳು, ಕಾಸರಗೋಡಿನವಳು ನಕ್ಷತ್ರ ಬಿಟ್ಟು ‘ಆಟಿ’ ತಿಂಗಳ ಮಳೆಯ ಮಾತೆತ್ತಿಯಾಳು. ಎರಡನ್ನೂ ಬರೆಯೋಣ. ಅಜ್ಜಿಯ ಮಾತು ಕೆಲವು ವರ್ಷ ನಿಜವಾದೀತು, ಕೆಲವು ವರ್ಷ ತಪ್ಪೀತು. ಎರಡೂ ಪಟದಲ್ಲಿ ಉಳಿಯಲಿ.

ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಬೇಕೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ಮಗು ತಾನು ಕಂಡುದನ್ನು ಕಂಡಂತೆ ಹೇಳಲು ಬಳಸಿದ ಭಾಷೆ ಉಳಿಯುತ್ತದೆ. ಕಾಣದುದನ್ನು ಒಪ್ಪಿಸಲು ಮಾತ್ರ ಬಳಸಿದ ಭಾಷೆ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಕಿಟಕಿಯ ಕಡೆ ತಿರುಗಿದ ಆ ಹುಡುಗ, “ಇಲ್ಲ ಸಾರ್, ಬಿಸಿಲಿದೆ” ಎಂದು ಕನ್ನಡದಲ್ಲಿ ಹೇಳುವಂತಾದರೆ ನಮ್ಮ ಪಾಠ ಸಾರ್ಥಕವಾದಂತೆ.