ವಿದ್ಯಾರ್ಥಿಗಳ ಪತ್ರಿಕೆ: ಒಂದು ವಿಮರ್ಶೆ

ಹೈಸ್ಕೂಲು ವಿದ್ಯಾರ್ಥಿಗಳು ಹೊರಡಿಸುವ ವಾರ್ಷಿಕ ಸಂಚಿಕೆಯನ್ನು ಹಿರಿಯರು ಸಾಮಾನ್ಯವಾಗಿ ವಾತ್ಸಲ್ಯದಿಂದಲೇ ಕೈಗೆತ್ತಿಕೊಳ್ಳುತ್ತಾರೆ. ನಾಲ್ಕು ಪುಟ ತಿರುವಿ, ‘ಮಕ್ಕಳ ಪ್ರಯತ್ನ, ಚೆನ್ನಾಗಿದೆ’ ಎಂದು ಕೆಳಗಿಡುತ್ತಾರೆ. ಈ ಮೆಚ್ಚಿಕೆಯಲ್ಲಿ ಪ್ರೀತಿಯುಂಟು, ಗೌರವವಿಲ್ಲ. ಬರೆದುದನ್ನು ಬರಹವೆಂದೇ ಬಗೆದು ಅದರ ಗುಣದೋಷಗಳನ್ನು ಎತ್ತಿ ಹೇಳುವುದು ಎಳೆಯ ಲೇಖಕನಿಗೆ ಸಲ್ಲತಕ್ಕ ಮರ್ಯಾದೆ.

ವಿದ್ಯಾಶಾಲೆಯ ಪತ್ರಿಕೆಯು ಆಟದ ವಸ್ತುವಲ್ಲವೆಂಬುದಕ್ಕೆ ಕನ್ನಡದ ಚರಿತ್ರೆಯೇ ಸಾಕ್ಷಿ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ‘ಪ್ರಬುದ್ಧ ಕರ್ಣಾಟಕ’ವೆಂಬ ತ್ರೈಮಾಸಿಕವನ್ನು ಹೊರಡಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ. ಎ. ತರಗತಿ ಏರ್ಪಟ್ಟುದು 1927ರಲ್ಲಿ. ಎಂದರೆ, ಪದವಿಗಿಂತ ಎಂಟು ವರ್ಷ ಮೊದಲೇ ಪತ್ರಿಕೆ ಹುಟ್ಟಿತ್ತು. ತರುವಾಯ ಅದು ವಿಶ್ವವಿದ್ಯಾನಿಲಯದ ಪತ್ರಿಕೆಯಾಗಿ ವಿದ್ವತ್ತಿಗೆ ಹೆಸರಾಯಿತು. ಲಾಭವು ದೊಡ್ಡದೇ; ಆದರೆ ಪಂಡಿತರ ಪೀಠವಾದ ಎಡೆಯಲ್ಲಿ ಎಳೆಯರು ಎಡವಲು ಆಸ್ಪದವಿರಲಾರದು. ಎಡವುವುದಕ್ಕೂ ಒಂದು ಅಂಗಳ ಬೇಕು; ಹೈಸ್ಕೂಲಿನ ಪತ್ರಿಕೆಯೇ ಆ ಅಂಗಳ.

ಕುವೆಂಪುರವರ ಮೊದಲ ಹೆಜ್ಜೆಯನ್ನೇ ನೋಡಬಹುದು. ಮೈಸೂರಿನಲ್ಲಿ ಹೈಸ್ಕೂಲು ವಿದ್ಯಾರ್ಥಿಯಾಗಿದ್ದಾಗ, 1922ರಲ್ಲಿ, ಅವರು ಅಚ್ಚು ಹಾಕಿಸಿದ ಪುಸ್ತಕ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಪದ್ಯಗಳ ಕಟ್ಟು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅಂಥ ಪದ್ಯಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯಬೇಕೆಂದು ತಿಳಿಸಿದರು. ಕಸಿನ್ಸರು ಬರಿದೆ ಹೊಗಳಿ ಕಳುಹಿಸಿದ್ದರೆ ಅದು ಸೌಜನ್ಯವೆನಿಸುತ್ತಿತ್ತು, ಉಪಕಾರವಾಗುತ್ತಿರಲಿಲ್ಲ. ಅವರು ಹುಡುಗನ ಶಕ್ತಿಯನ್ನು ನಂಬಿದುದರಿಂದಲೇ ದೋಷವನ್ನು ಹೇಳಿದರು.

ಈಗಿನ ಶಾಲಾ ಸಂಚಿಕೆಗಳಲ್ಲಿ ಭಾಷೆ ಕನ್ನಡವೇ. ಎರವಲು ಮಾತ್ರ ಹೋಗಿಲ್ಲ. ಯಲ್ಲಾಪುರದ ಕಡೆಯ ವಿದ್ಯಾರ್ಥಿಯು ಮಾಗೋಡಿನಲ್ಲಿ ಬೇಡ್ತಿ ನದಿ ಧುಮ್ಮಿಕ್ಕುವುದನ್ನು ವರ್ಣಿಸುವಾಗ ‘ರುದ್ರರಮಣೀಯ’, ‘ನಯನಮನೋಹರ’ ಎಂಬ ಸಿದ್ಧಪದಗಳನ್ನು ಪೋಣಿಸಿದರೆ, ಆ ಪ್ರಬಂಧ ಜೋಗಕ್ಕೂ ಸಲ್ಲುತ್ತದೆ, ಗೋಕಾಕಕ್ಕೂ ಸಲ್ಲುತ್ತದೆ; ಮಾಗೋಡಿಗೆ ಮಾತ್ರ ಸಲ್ಲದು. ಅವನೇ ಮಳೆಗಾಲದಲ್ಲಿ ಕೊಳೆರೋಗದ ಅಂಜಿಕೆಯಿಂದ ತಂದೆ ಮುಗಿಲು ನೋಡುವುದನ್ನೂ, ಮದ್ದು ಹೊಡೆಯಲು ಕೊನೆಗೌಡ ಅಡಕೆಯ ಮರವೇರುವುದನ್ನೂ, ತಾಳಮದ್ದಳೆಯಲ್ಲಿ ಅರ್ಥಧಾರಿಯ ಒಂದು ಮಾತಿಗೆ ಸಭೆ ತಲೆದೂಗುವುದನ್ನೂ ಕಂಡವನು. ಕಂಡುದು ಪುಟಕ್ಕೆ ಬಾರದೆ ಹೋದರೆ ಆ ನಷ್ಟ ಬಾಲಕನದೊಬ್ಬನದೇ ಅಲ್ಲ, ಸೀಮೆಯದು.

ದೋಷವನ್ನೆಲ್ಲ ಬಾಲಕನ ಮೇಲೆ ಹೊರಿಸುವುದೂ ನ್ಯಾಯವಲ್ಲ. ಅಧ್ಯಾಪಕರ ಲೇಖನಿ ಕಾಗುಣಿತವನ್ನು ತಿದ್ದಲಿ, ಅನ್ವಯವನ್ನು ತಿದ್ದಲಿ, ಕಣ್ಣನ್ನು ತಿದ್ದಬಾರದು. ‘ಮಳೆ ಹೊಯ್ಯಿತು’ ಎಂದು ಬರೆದಲ್ಲಿ ‘ವರ್ಷಧಾರೆ ಸುರಿಯಿತು’ ಎಂದು ತಿದ್ದಿದರೆ ಸಂಚಿಕೆ ಅಂದವಾಗಬಹುದು. ಮನೆಯ ಮಾತು ಅಚ್ಚಿಗೆ ತಕ್ಕುದಲ್ಲವೆಂಬ ನಾಚಿಕೆ ಮಾತ್ರ ಬಾಲಕನ ಮನಸ್ಸಿನಲ್ಲಿ ಉಳಿಯುತ್ತದೆ. ಒಮ್ಮೆ ನಾಟಿದ ಈ ನಾಚಿಕೆಯನ್ನು ಮುಂದೆ ಯಾವ ಪದವಿಯೂ ಕೀಳಲಾರದು.

ಶಾಲೆಯ ಪತ್ರಿಕೆಯಿಂದ ಪ್ರತಿ ವರ್ಷವೂ ಕವಿಯೊಬ್ಬ ಹುಟ್ಟಬೇಕಾಗಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದ ಒಂದು ಪುಟವಿದ್ದರೂ ಅದು ಸಾರ್ಥಕ. ಆ ಪುಟವನ್ನು ಹುಡುಕಿ ತೆಗೆದು, ಮನೆಯಲ್ಲಿ ನಾಲ್ವರ ಎದುರು ಗಟ್ಟಿಯಾಗಿ ಓದಿಸಿ, ಎಲ್ಲಿ ಹಿಡಿಸಿತು, ಎಲ್ಲಿ ಹುಸಿಯೆನಿಸಿತು ಎಂದು ಹೇಳುವ ಹಿರಿಯರೇ ಅದರ ನಿಜವಾದ ಪೋಷಕರು.