‘ಸೀತಾ’ ಶಬ್ದಾರ್ಥವೂ ಪಂಪರಾಮಾಯಣದ ಸೀತೆಯೂ

‘ಸೀತಾ’ ಎಂಬ ಹೆಸರಿಗೆ ನೇಗಿಲು ಉತ್ತ ಸಾಲೆಂಬುದೇ ಮೂಲಾರ್ಥವು. ಬಿಳುಪನ್ನು ಹೇಳುವ ‘ಸಿತ’ಕ್ಕಾಗಲಿ, ತಂಪನ್ನು ಹೇಳುವ ‘ಶೀತ’ಕ್ಕಾಗಲಿ ಇದರೊಡನೆ ಸಂಬಂಧವಿಲ್ಲ. ಋಗ್ವೇದದ 4ನೆಯ ಮಂಡಲದ 57ನೆಯ ಸೂಕ್ತದಲ್ಲಿ ಸೀತೆಯು ಫಲದಾಯಿನಿಯಾದ ದೇವತೆಯಾಗಿ ಸ್ತುತಳಾಗಿದ್ದಾಳೆ. ಪಾರಸ್ಕರಗೃಹ್ಯಸೂತ್ರದಲ್ಲಿ ಆಕೆಯು ಇಂದ್ರಪತ್ನಿ. ಅರಸನ ಬೇಸಾಯವನ್ನು ನೋಡಿಕೊಳ್ಳುವ ಅಧಿಕಾರಿಯನ್ನು ಕೌಟಿಲ್ಯನು ಸೀತಾಧ್ಯಕ್ಷನೆಂದು ಕರೆದಿದ್ದಾನೆ.

ವಾಲ್ಮೀಕಿರಾಮಾಯಣದಲ್ಲಿ ಈ ಅರ್ಥವೇ ಕಥಾಬೀಜವು. ನೇಗಿಲ ಸಾಲಿನಿಂದೆದ್ದ ವೃತ್ತಾಂತವನ್ನು ಬಾಲಕಾಂಡದಲ್ಲಿ ಜನಕನೂ, ಅಯೋಧ್ಯಾಕಾಂಡದಲ್ಲಿ ಅನಸೂಯೆಯ ಮುಂದೆ ಸೀತೆಯೂ ಹೇಳುವರು. ಉತ್ತರಕಾಂಡದಲ್ಲಿ ಭೂದೇವಿಯು ಮಗಳನ್ನು ಮರಳಿ ಕೈಕೊಳ್ಳುವಳು. ಇಂತು ಜನ್ಮದಿಂದ ಬಂದ ಹೆಸರು ಕಥೆಯ ಮುಕ್ತಾಯವನ್ನೂ ಒಳಕೊಂಡಿದೆ.

ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ಹಾಗಿಲ್ಲ. ವಿಮಲಸೂರಿಯ ಸಂಪ್ರದಾಯವನ್ನು ಹಿಡಿದ ಈ ಕವಿಗೆ ಸೀತೆಯು ಜನಕನ ಔರಸಪುತ್ರಿ, ಪ್ರಭಾಮಂಡಲನ ಅವಳಿಸೋದರಿ. ಹುಟ್ಟಿದೊಡನೆಯೇ ಅಪಹೃತನಾಗಿ ವಿದ್ಯಾಧರರಲ್ಲಿ ಬೆಳೆದ ಪ್ರಭಾಮಂಡಲನು ತಂಗಿಯೆಂದರಿಯದೆ ಆಕೆಯಲ್ಲಿ ಅನುರಕ್ತನಾಗಿ, ನಿಜವನ್ನರಿತು ಪಶ್ಚಾತ್ತಾಪಪಡುವನು. ಸೀತೆಯು ಅಯೋನಿಜೆಯಾದರೆ ಈ ಉಪಾಖ್ಯಾನವೇ ನಿಲ್ಲಲಾರದು. ಆದಕಾರಣ ಇಲ್ಲಿ ಹೆಸರುಗಳ ಬಲಾಬಲವು ವ್ಯತ್ಯಸ್ತವಾಗಿದೆ: ವಾಲ್ಮೀಕಿಯಲ್ಲಿ ‘ಸೀತೆ’ ಎಂಬುದು ಜನ್ಮವನ್ನೂ ‘ಜಾನಕಿ’ ಎಂಬುದು ಪೋಷಣೆಯನ್ನೂ ಸೂಚಿಸಿದರೆ, ಇಲ್ಲಿ ‘ಜಾನಕಿ’ಯೇ ಜನ್ಮಸೂಚಕವು, ‘ಸೀತೆ’ ಎಂಬುದು ಪರಂಪರೆಯಿಂದ ಬಂದ ರೂಢನಾಮಮಾತ್ರವು.

ಜೈನಕಥೆಗಳೆಲ್ಲವೂ ಹೀಗೆಯೇ ಇವೆಯೆಂದು ತಿಳಿಯಲಾಗದು. ಗುಣಭದ್ರನ ಉತ್ತರಪುರಾಣದಲ್ಲಿಯೂ ಅದನ್ನನುಸರಿಸಿದ ಕ್ರಿ. ಶ. 978ರ ಚಾವುಂಡರಾಯಪುರಾಣದಲ್ಲಿಯೂ ಸೀತೆಯು ರಾವಣ-ಮಂಡೋದರಿಯರ ಮಗಳು. ಪೆಟ್ಟಿಗೆಯಲ್ಲಿಟ್ಟು ಮಿಥಿಲೆಯ ನೆಲದಲ್ಲಿ ಹೂಳಲ್ಪಟ್ಟ ಶಿಶು. ಅಲ್ಲಿ ಭೂಮಿಯ ಸಂಬಂಧವು ಉಳಿದಿದೆ. ಆದರೆ ಭೂಮಿಯು ತಾಯಿಯಾಗಿರದೆ ನಿಕ್ಷೇಪಸ್ಥಾನವಾಗಿದೆ.

ನಾಗಚಂದ್ರನು ಇದರಿಂದ ಕಳೆದುಕೊಂಡುದು ಅಲ್ಪವಲ್ಲ. ನೊಂದ ಸಾಧ್ವಿಯನ್ನು ತಾಯಿಯೇ ಕರೆದೊಯ್ಯುವ ಕರುಣರಸಕ್ಕೆ ಆತನ ಕಾವ್ಯದಲ್ಲಿ ಎಡೆಯಿಲ್ಲ. ಆದರೆ ಅಗ್ನಿಪರೀಕ್ಷೆಯಲ್ಲಿ ಶುದ್ಧಳೆಂದು ಸಿದ್ಧಳಾದ ಸೀತೆಯು ಅರಸಿತನವನ್ನು ತೊರೆದು ದೀಕ್ಷೆಯನ್ನು ಕೈಕೊಳ್ಳುವಳು. ಆಕೆಯ ಗತಿಯನ್ನು ನಿಶ್ಚಯಿಸುವುದು ಹೆಸರಿನ ಅರ್ಥವಲ್ಲ, ಆಕೆಯ ಸಂಕಲ್ಪವೇ. ಪಾಠಹೇಳುವವರು ‘ಭೂಮಿಜೆ’ ಎಂಬ ವ್ಯುತ್ಪತ್ತಿಯನ್ನು ಈ ಕಾವ್ಯದ ಮೇಲೂ ಹೊರಿಸಿದರೆ, ವಿದ್ಯಾರ್ಥಿಯು ಇಲ್ಲದ ಮಣ್ಣನ್ನು ಹುಡುಕಿ, ಇರುವ ವೈರಾಗ್ಯವನ್ನು ಕಾಣದೆ ಹೋಗುವನು. ನಿಘಂಟು ಹೇಳುವ ಅರ್ಥವು ಶಬ್ದಕ್ಕೆ ಸಲ್ಲತಕ್ಕದ್ದು. ಪಾತ್ರದ ಅರ್ಥವನ್ನು ಆಯಾ ಕಾವ್ಯದಿಂದಲೇ ತಿಳಿಯತಕ್ಕದ್ದು.