ಮೈಸೂರು ಅರಸರು ಉಳಿಸಿದ ಪಿಯಾನೋ ನಾದ

ಪಿಯಾನೋ ವಾದ್ಯಕ್ಕೂ ಕನ್ನಡ ನಾಡಿಗೂ ಏನು ನಂಟು ಎಂದು ಕೇಳುವವರಿಗೆ ಜಯಚಾಮರಾಜೇಂದ್ರ ಒಡೆಯರ ಹೆಸರೇ ಉತ್ತರ. ‘ಶ್ರೀವಿದ್ಯಾ’ ಅಂಕಿತದ ಕೃತಿಗಳ ವಾಗ್ಗೇಯಕಾರರಾಗಿ ನಾವು ಅವರನ್ನು ಬಲ್ಲೆವು. ಅವರು ಪಾಶ್ಚಾತ್ಯ ಸಂಗೀತವನ್ನೂ ಶಾಸ್ತ್ರೀಯವಾಗಿ ಕಲಿತವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ 1945ರಲ್ಲಿ ಅವರಿಗೆ ಸಂದಿತ್ತು. ಆದರೆ ಆ ಸಂಗೀತಕ್ಕೆ ಅವರು ಸಲ್ಲಿಸಿದ ಹಿರಿಯ ಸೇವೆ ಬೇರೊಬ್ಬರ ಧ್ವನಿಮುದ್ರಿಕೆಗಳಲ್ಲಿದೆ.

ಆ ಕಲಾವಿದ ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, 1921ರಲ್ಲಿ ತಾಯ್ನಾಡನ್ನು ತೊರೆದು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದವರು. ಹೊಸ ಬಗೆಯ ಸಂಗೀತವನ್ನು ಒಪ್ಪದ ಅವರನ್ನು ಕಾಲ ಹಿಂದೆ ಬಿಟ್ಟು ನಡೆದಿತ್ತು. ಇಂಥವರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸಲೆಂದು ಒಡೆಯರು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ ವೆಚ್ಚ ಹೊತ್ತರು. ಎಚ್‌.ಎಂ.ವಿ. ಕಂಪನಿಯು ನಿಮಿಷಕ್ಕೆ 78 ಸುತ್ತಿನ ತಟ್ಟೆಗಳ ಸಂಪುಟಗಳನ್ನು ಹೊರತಂದಿತು. 1947ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಮೂರೂ ಕಾಂಚರ್ಟೊಗಳು ಮುದ್ರಿತವಾದವು. ಮೂರನೆಯದು ಒಡೆಯರಿಗೇ ಅರ್ಪಿತವಾದುದು.

ಇವು ಕುಂದಿಲ್ಲದ ಮುದ್ರಿಕೆಗಳಲ್ಲ. ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಮಾತ್ರ ಹಿಡಿಯುತ್ತಿದ್ದುದರಿಂದ ದೀರ್ಘ ಕೃತಿಗಳು ತುಂಡಾಗಿವೆ. ವಾದ್ಯವೃಂದ ದೂರದಿಂದ ಕೇಳಿದಂತಿದೆ. ನುಡಿಸಿದವರಿಗೆ ಆಗ 67 ವರ್ಷ, ಹೃದಯವೂ ದುರ್ಬಲವಾಗಿತ್ತು. ಅವರಿಗಿಂತ ಚುರುಕಾಗಿ, ಶುದ್ಧವಾದ ಧ್ವನಿಯಲ್ಲಿ ಇವೇ ಕೃತಿಗಳನ್ನು ನುಡಿಸಿದವರು ಮುಂದೆ ಬಂದಿದ್ದಾರೆ. ಆದರೂ ಇವುಗಳ ಬೆಲೆ ಇಳಿದಿಲ್ಲ. ಬಲಗೈ ರಾಗವನ್ನು ಹಾಡುವಾಗ ಎಡಗೈ ಬರಿಯ ಶ್ರುತಿ ಹಿಡಿದು ಕುಳಿತಿಲ್ಲ. ಅದೂ ತನ್ನ ಮಾತನ್ನು ಹೇಳುತ್ತದೆ. ಮರುಕದ ಎಡೆಯಲ್ಲಿ ಅವರು ಲಯವನ್ನು ಎಳೆದಾಡುವುದಿಲ್ಲ. ದುಃಖ ಹೆಜ್ಜೆ ತಪ್ಪದೆ ನಡೆಯುತ್ತದೆ. ಎಲ್ಲಿ ತಡೆಯಬೇಕು, ಎಲ್ಲಿ ಮುಂದೆ ಸಾಗಬೇಕು ಎಂಬುದು ಸ್ವರಲಿಪಿಯಲ್ಲಿ ಪೂರ್ತಿ ಬರುವುದಿಲ್ಲ. ಅದನ್ನು ಕಟ್ಟಿದವನ ಕೈಯೇ ತೋರಿಸಬೇಕು. ಮೆಟ್ನರ್ 1951ರ ನವೆಂಬರಿನಲ್ಲಿ ತೀರಿಕೊಂಡರು. ಅರಸರು ಐದು ವರ್ಷ ತಡಮಾಡಿದ್ದರೆ ಆ ಕೈಯ ಸಾಕ್ಷಿ ಇಷ್ಟು ವಿಪುಲವಾಗಿ ನಮಗೆ ದಕ್ಕುತ್ತಿರಲಿಲ್ಲ.

ಈ ಮಾತನ್ನು ಆದವಾನಿಯ ಕಡೆಯ ಕನ್ನಡಿಗರ ಮುಂದೆ ಹೇಳಲು ಕಾರಣವಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹರಿದು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಆಡಳಿತ, ಪಾಠಶಾಲೆಗಳ ನುಡಿ ಬದಲಾದರೂ ಮನೆಯೊಳಗೆ ಕನ್ನಡವನ್ನು ಕಾಪಾಡಿದ್ದು ದಾಸರ ಪದ, ಸೋಬಾನೆ, ಬೀಸುಕಲ್ಲಿನ ಹಾಡು. ಇವುಗಳ ಸಾಹಿತ್ಯವನ್ನು ಪುಸ್ತಕದಲ್ಲಿ ಬರೆದಿಡಬಹುದು; ಪೆದ್ದಹರಿವಾಣದ ಅಜ್ಜಿಯೊಬ್ಬರು ಅದೇ ಸಾಲನ್ನು ಎಳೆಯುವ ರೀತಿಯನ್ನು, ತೆಲುಗಿನ ನೆರೆಯಲ್ಲಿ ಬೆಳೆದ ಕನ್ನಡದ ಒನಪನ್ನು ಬರೆದಿಡಲಾಗದು.

ಈಗ ಅದಕ್ಕೆ ಅರಸರ ಬೊಕ್ಕಸ ಬೇಕಿಲ್ಲ. ಕೈಯಲ್ಲಿನ ಮೊಬೈಲೇ ಸಾಕು. ಧ್ವನಿ ನಡುಗಿದರೂ, ನಡುವೆ ಕೆಮ್ಮು ಬಂದರೂ ಹಾಡನ್ನು ಇಡಿಯಾಗಿ ಮುದ್ರಿಸಬೇಕು. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನು ಜೊತೆಗೇ ನುಡಿಸಿಡಬೇಕು. ಸಂಘವು ಈ ವರ್ಷ ಕೈಗೊಳ್ಳಬಹುದಾದ ಕೆಲಸಗಳಲ್ಲಿ ಇದಕ್ಕೆ ಮೊದಲ ಮಣೆ ಸಲ್ಲಬೇಕೆಂಬುದು ನನ್ನ ಬಿನ್ನಹ.